ಗ್ರಾಸ್ ಬೀಟ್: ಉದ್ದ ಶ್ರುತಿಯನ್ನು ಕತ್ತರಿಸಿ ತಾಳಕ್ಕೆ ಕೂರಿಸುವವರಿಗೆ

ಗ್ರಾಸ್ ಬೀಟ್ ಅಂದರೆ ಕಂಪ್ಯೂಟರಿನಲ್ಲಿ ಹಾಡು ಮಾಡುವ ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರಿನ ಒಂದು ಪ್ಲಗಿನ್, ಶಬ್ದ ಬದಲಿಸುವ ಸಣ್ಣ ಪ್ರೋಗ್ರಾಂ. ಅದರ ಹೆಸರು ಹೇಳಿದ ಕೂಡಲೇ ಹುಡುಗರೆಲ್ಲ ಹೇಳುವುದು ಹಾಫ್ ಸ್ಪೀಡ್ ಒಂದನ್ನೇ. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ದನಿ ದಪ್ಪ ಮಾಡಿದರೆ ಕೆಲಸ ಮುಗಿಯಿತು. ಅದೇ ವಿಂಡೋದಲ್ಲಿ ವಾಲ್ಯೂಮಿಗೆ ಅಂತಲೇ ಇನ್ನೊಂದು ಭಾಗ ಇದೆ. ಅದನ್ನು ಮುಟ್ಟುವವರು ಕಡಿಮೆ. ನನಗೆ ಈ ಪ್ಲಗಿನ್ ಇಷ್ಟವಾಗಿರುವುದೇ ಅದರಿಂದ, ಹಾಗಾಗಿ ಇಲ್ಲಿ ಬರೆಯುವುದೂ ಹೆಚ್ಚಾಗಿ ಅದರ ಬಗ್ಗೆಯೇ.

ಎಫ್‌ಎಲ್ ಸ್ಟುಡಿಯೋ ಮಾಡುವ ಬೆಲ್ಜಿಯಂನ ಇಮೇಜ್-ಲೈನ್ ಕಂಪೆನಿಯದ್ದೇ ಇದು. ಟೈಮಿಗೆ 36 ಸ್ಲಾಟ್, ವಾಲ್ಯೂಮಿಗೆ 36 ಸ್ಲಾಟ್, ಒಂದೊಂದರಲ್ಲೂ ಒಂದೊಂದು ಪ್ಯಾಟರ್ನ್. ವಾಲ್ಯೂಮ್ ಸ್ಲಾಟಿನಲ್ಲಿ ಒಂದು ಗೆರೆ ಇರುತ್ತದೆ, ಗೆರೆ ಮೇಲಿದ್ದಾಗ ಶಬ್ದ ಕೇಳುತ್ತದೆ, ಪೂರ್ತಿ ಕೆಳಗಿಳಿದರೆ ನಿಲ್ಲುತ್ತದೆ, ಇದೆಲ್ಲ ಪ್ರಾಜೆಕ್ಟಿನ ಟೆಂಪೊಗೆ ಸರಿಯಾಗಿ ನಡೆಯುತ್ತದೆ. ಟೆಂಪೊ ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್ ಅರ್ಧ ಸೆಕೆಂಡ್. ಅದನ್ನು ನಾಲ್ಕು ಮಾಡಿದರೆ ಒಂದೊಂದು ತುಂಡು 125 ಮಿಲಿಸೆಕೆಂಡ್. ಟ್ರಾನ್ಸ್ ಅನ್ನುವ ಡ್ಯಾನ್ಸ್ ಹಾಡುಗಳಲ್ಲಿ ಹಿನ್ನೆಲೆಯ ಉದ್ದ ಸ್ವರ (ಪ್ಯಾಡ್) ಕಡಿದು ಕಡಿದು ಬರುತ್ತದಲ್ವಾ, ಅದೇ.

ನಾನು ಇದನ್ನು ಹಾಕುವುದು ಹಾರ್ಮೋನಿಯಂ ಶ್ರುತಿಗೆ. ಕಾಸರಗೋಡಿನ ಈ ಕಡೆ ಯಾವ ಭಜನಾ ಮಂದಿರಕ್ಕೆ ಹೋದರೂ ಹಾರ್ಮೋನಿಯಂ ಸಿಗುತ್ತದೆ, ಒಂದೇ ಸ್ವರ ಹಿಡಿದು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಂಡರೆ ಸಾಕು. ಆ ಉದ್ದ ಸ್ವರವನ್ನು ಎಂಟು ಸಮ ಪಾಲು ಅಂತ ಎಣಿಸಿ 3, 3, 2 ಅಂತ ಕತ್ತರಿಸಿ ಕೇಳಿ. ಡ್ರಮ್ ಇಲ್ಲದೆಯೇ ಹಾಡಿಗೆ ನಡಿಗೆ ಬರುತ್ತದೆ! ಸ್ವರ ಬದಲಾಗಿಲ್ಲ, ರಾಗಕ್ಕೆ ಏನೂ ಆಗಿಲ್ಲ, ಬರೇ ಉಸಿರು ತುಂಡಾಗಿದೆ. 4/4ರಲ್ಲಿ, ಅಂದರೆ ಬಾರ್ ಒಂದಕ್ಕೆ 4 ಬೀಟಿನ ಲೆಕ್ಕದಲ್ಲಿ, ಎರಡು ಬಾರ್ ಅಂದರೆ 8 ಬೀಟ್, ಅದು ಆದಿತಾಳದ ಒಂದು ಆವರ್ತ. ಅದಕ್ಕೇ ಆದಿತಾಳದ ಭಜನೆಗಳಿಗೆ ಈ ಪ್ಯಾಟರ್ನ್‌ಗಳು ಎಲ್ಲೂ ತಪ್ಪದೆ ಕೂರುತ್ತವೆ.

ತ್ರಿವುಡೆಗೆ ಬಂದರೆ ಕತೆ ಬೇರೆ. 7 ಅಕ್ಷರದ ತಾಳಕ್ಕೆ 4/4ರ ಪ್ಯಾಟರ್ನ್ ಹಾಕಿದರೆ ಎರಡನೇ ಆವರ್ತಕ್ಕೇ ಜಾರುತ್ತದೆ. ಅಲ್ಲಿ ಗ್ರಾಸ್ ಬೀಟ್ ಬಿಟ್ಟು, ವಾಲ್ಯೂಮಿಗೆ ಒಂದು ಆಟೊಮೇಷನ್ ಕ್ಲಿಪ್ (ವಾಲ್ಯೂಮ್ ತಾನೇ ಏರಿಳಿಯುವಂತೆ ಗೆರೆ ಎಳೆದಿಡುವ ತುಂಡು) ಮಾಡಿ, 7 ಬೀಟಿನಷ್ಟು ಉದ್ದ ಇಟ್ಟು, ಅದನ್ನೇ ಸಾಲಾಗಿ ಜೋಡಿಸುವುದು ಒಳ್ಳೆಯದು. ಕೆಲಸ ಸ್ವಲ್ಪ ಜಾಸ್ತಿ, ಆದರೆ ತಾಳ ಉಳಿಯುತ್ತದೆ.

ಇನ್ನೊಂದು ಮಾತು. ಯಕ್ಷಗಾನದ ಬಯಲಾಟದಲ್ಲಿ ರೆಕಾರ್ಡ್ ಮಾಡಿದ ಚೆಂಡೆ ಮದ್ದಳೆಗೆ ಇದನ್ನು ಹಾಕಲೇಬೇಡಿ. ಭಾಗವತರು ವೇಗ ಏರಿಸುತ್ತಾ ಹೋಗುತ್ತಾರೆ, ಅದೇ ಆ ಕಲೆಯ ಜೀವ. ಪ್ಲಗಿನ್ ಮಾತ್ರ ಪ್ರಾಜೆಕ್ಟಿನ ಗಡಿಯಾರ ನೋಡಿಕೊಂಡು ಕತ್ತರಿಸುತ್ತದೆ, ಹಾಡುವವರನ್ನು ಕೇಳಿಸಿಕೊಳ್ಳುವುದಿಲ್ಲ. ಪೆಟ್ಟು ಬೀಳುವ ಜಾಗದಲ್ಲೇ ಶಬ್ದ ಮಾಯವಾದರೆ ಕೇಳುವುದಕ್ಕೆ ಸಂಕಟ. ಮೆಟ್ರೊನೋಮಿನ ಕ್ಲಿಕ್ ಕೇಳಿಕೊಂಡು ನುಡಿಸಿದ ಟ್ರ್ಯಾಕ್ ಇದ್ದರೆ ಮಾತ್ರ ಇದರ ಸುದ್ದಿಗೆ ಹೋಗಿ.

ಗೆರೆಯನ್ನು ಗೋಡೆಯ ಹಾಗೆ ನೇರ ಇಳಿಸಿದರೆ ಪ್ರತಿ ತುಂಡಿನ ಕೊನೆಗೂ ಟಕ್ ಅನ್ನುವ ಶಬ್ದ ಬರುತ್ತದೆ, ಶ್ರುತಿಯಂಥ ಒಂದೇ ಸಮ ಇರುವ ದನಿಯಲ್ಲಿ ಇನ್ನೂ ಜಾಸ್ತಿ. ಕೊನೆಯ ಬಿಂದುವನ್ನು ಒಂಚೂರು ಸರಿಸಿ ಇಳಿಜಾರು ಮಾಡಿದರೆ ಹೋಗುತ್ತದೆ. ರಿವರ್ಬ್ (ದನಿಗೆ ದೊಡ್ಡ ಕೋಣೆಯ ಅನುರಣನ ಕೊಡುವ ಎಫೆಕ್ಟ್) ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಗ್ರಾಸ್ ಬೀಟ್ ಆದಮೇಲೆ ರಿವರ್ಬ್ ಇಟ್ಟರೆ ನಡುವಿನ ಖಾಲಿ ಜಾಗ ಅದರ ಬಾಲದಿಂದ ತುಂಬಿಕೊಳ್ಳುತ್ತದೆ, ಭಜನೆಗೆ ಇದೇ ಚಂದ. ಮೊದಲೇ ಇಟ್ಟರೆ ರಿವರ್ಬ್ ಕೂಡ ಕತ್ತರಿಸಿಹೋಗಿ ಒಣಒಣ, ಚೂಪು. ಡ್ಯಾನ್ಸ್ ಹಾಡಿಗೆ ಸರಿ. ವಾಲ್ಯೂಮಿಗೆ ಬೇರೆ ಮಿಕ್ಸ್ ನಾಬ್ ಇದೆ, ಅರ್ಧಕ್ಕೆ ಇಳಿಸಿದರೆ ದನಿ ಪೂರ್ತಿ ನಿಲ್ಲದೆ ಮೆಲ್ಲ ಅಲುಗಾಡುತ್ತದೆ. ಹಾಡುವವರ ಹಿಂದೆ ನನಗೆ ಹಾಗಿದ್ದರೇ ಹಿತ.

ಎಫ್‌ಎಲ್ ಸ್ಟುಡಿಯೋದ ಪ್ರೊಡ್ಯೂಸರ್ ಎಡಿಷನ್‌ನಲ್ಲಿ ಇದು ಬರುವುದಿಲ್ಲ, ಸಿಗ್ನೇಚರ್ ಎಡಿಷನ್ ಬೇಕು ಅಥವಾ ಬೇರೆಯಾಗಿ ಕೊಳ್ಳಬೇಕು. ಬರೇ ಸಮಸಮ ಕತ್ತರಿಸುವ ಕೆಲಸಕ್ಕೆ ಅಷ್ಟು ದುಡ್ಡು ಬೇಡ, ಆಟೊಮೇಷನ್ ಕ್ಲಿಪ್ ಸಾಕು. ಹಾಡಿನ ನಡುವೆ ಪ್ಯಾಟರ್ನ್ ಬದಲಿಸುತ್ತಾ ಹೋಗುವವರಿಗೆ, ಸಂಗೀತದ ಕೀಬೋರ್ಡಿನ ಮನೆ ಒತ್ತಿಯೇ ಸ್ಲಾಟ್ ಬದಲಿಸುವ ಸೌಕರ್ಯ ಬೇಕಾದವರಿಗೆ ದುಡ್ಡು ದಂಡ ಅಲ್ಲ. ಮೊದಲು ಟ್ರಯಲ್ ಹಾಕಿ ನೋಡಿ. ಅದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಕೊಂಡುಕೊಳ್ಳುವ ತನಕ ಮತ್ತೆ ತೆರೆಯುವುದಿಲ್ಲ, ಹಾಗಾಗಿ ಮುಚ್ಚುವ ಮೊದಲು ಆಡಿಯೋ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.