ಒಂದೇ ಮನೆಯ ನಾಲ್ಕು ಸಿಗಾರ್: ತೆಳುವೋ, ದಪ್ಪವೋ?

ಸಿಗಾರ್ ಸೇದುವವರು ಇಬ್ಬರು ಸೇರಿದರೆ ಮಾತು ಬ್ರಾಂಡಿನಿಂದ ಶುರುವಾಗಿ ಬ್ರಾಂಡಿನಲ್ಲೇ ಮುಗಿಯುತ್ತದೆ. ಯಾವ ದೇಶದ್ದು, ಯಾವ ಹೆಸರು, ಎಷ್ಟು ಕೊಟ್ಟೆ. ಸೈಜು, ಆಕಾರದ ವಿಷಯ ಬರುವುದು ಅಪರೂಪ. ನನಗೆ ಮಾತ್ರ ಬ್ರಾಂಡಿನಷ್ಟೇ ದಪ್ಪವೂ ಮುಖ್ಯ. ಬೇಕಿದ್ದರೆ ಒಂದೇ ಬ್ರಾಂಡಿನ ಬೇರೆ ಬೇರೆ ಸೈಜುಗಳನ್ನು ಅಕ್ಕಪಕ್ಕ ಇಟ್ಟು ಸೇದಿ ನೋಡಿ, ಗೊತ್ತಾಗುತ್ತದೆ.

ಇಂಥ ಹೋಲಿಕೆಗೆ ಕ್ಯೂಬಾದ ಮಾಂಟೆಕ್ರಿಸ್ಟೊ ಹೇಳಿ ಮಾಡಿಸಿದಂತಿದೆ. 1935ರಲ್ಲಿ ಶುರುವಾದ ಬ್ರಾಂಡ್. ಸೈಜುಗಳಿಗೆ ದೊಡ್ಡ ಹೆಸರಿಲ್ಲ, ಸುಮ್ನೆ ನಂಬರ್ 1, 2, 3, 4, 5. ಆಮೇಲೆ ಉದ್ದನೆಯ ತೆಳು ಎಸ್ಪೆಸಿಯಲ್ ಬಂತು, 2004ರಲ್ಲಿ ದಪ್ಪನೆಯ ಎಡ್ಮುಂಡೊ ಸೇರಿತು. ನಾನು ಹೋಲಿಸುತ್ತಿರುವುದು ನಾಲ್ಕನ್ನು: ನಂಬರ್ 4, ಎಡ್ಮುಂಡೊ, ನಂಬರ್ 2, ಎಸ್ಪೆಸಿಯಲ್.

ಮೊದಲು ಒಂದು ಲೆಕ್ಕ. ಸಿಗಾರಿನ ದಪ್ಪವನ್ನು ಹೇಳುವುದು ರಿಂಗ್ ಗೇಜ್‌ನಲ್ಲಿ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎನ್ನುವುದೇ ಆ ಸಂಖ್ಯೆ. ನಂಬರ್ 4 ಅಂದರೆ 42 ರಿಂಗ್, ಹೆಚ್ಚುಕಡಿಮೆ ಹದಿನೇಳು ಮಿಲಿಮೀಟರ್. ಎಡ್ಮುಂಡೊ 52 ರಿಂಗ್, ಇಪ್ಪತ್ತು ಮಿಲಿಮೀಟರ್ ದಾಟುತ್ತದೆ. ನಾಲ್ಕು ಮಿಲಿಮೀಟರ್ ತಾನೇ ಅನಿಸಬಹುದು. ಆದರೆ 42ರಿಂದ 52ಕ್ಕೆ ಹೋದಾಗ ಸುತ್ತಳತೆ ಹೆಚ್ಚುವುದು ಕಾಲು ಪಾಲಿನಷ್ಟು, ಒಳಗೆ ತುಂಬಿರುವ ತಂಬಾಕು ಮಾತ್ರ ಒಂದೂವರೆ ಪಟ್ಟು ಆಗುತ್ತದೆ. ಮೇಲೆ ಸುತ್ತುವ ಎಲೆ, ಅಂದರೆ ರ‍್ಯಾಪರ್, ಸಿಗಾರಿನ ಅತ್ಯಂತ ನಾಜೂಕಾದ, ದುಬಾರಿ ಎಲೆ. ದಪ್ಪ ಹೆಚ್ಚಿದಷ್ಟೂ ಅದರ ರುಚಿ ಒಳಗಿನ ಎಲೆಗಳಲ್ಲಿ ಕರಗಿಹೋಗುತ್ತದೆ. ನನಗೆ ಬೇಕಾದದ್ದೇ ರ‍್ಯಾಪರ್‌ನ ರುಚಿ. ನನ್ನ ಆಯ್ಕೆ ತೆಳುವಿನ ಕಡೆ ವಾಲುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ತುಂಬುವ ಎಲೆಗಳಲ್ಲಿ ಲಿಹೆರೊ ಅಂತ ಒಂದು ಬಗೆ. ಗಿಡದ ತುದಿಯಲ್ಲಿ ಬಿಸಿಲುಂಡು ಬೆಳೆದದ್ದು, ಖಾರ ಜಾಸ್ತಿ, ಉರಿಯುವುದು ನಿಧಾನ. ಅದಕ್ಕೇ ಅದನ್ನು ನಟ್ಟನಡುವೆ ಇಡುತ್ತಾರೆ. ದಪ್ಪ ಸಿಗಾರಿನಲ್ಲಿ ಅದಕ್ಕೆ ಜಾಗ ಜಾಸ್ತಿ, ತೆಳುವಿನಲ್ಲಿ ಕಡಿಮೆ. ಹಾಗಾಗಿ ಒಂದೇ ಬ್ರಾಂಡ್ ಆದರೂ ಒಳಗಿನ ಮಿಶ್ರಣ ಒಂದೇ ಇರುವುದಿಲ್ಲ.

ನಂಬರ್ 4. ಉದ್ದ 129 ಮಿಲಿಮೀಟರ್. ಜಗತ್ತಿನಲ್ಲಿ ಅತಿ ಹೆಚ್ಚು ಮಾರುವ ಹವಾನಾ ಸಿಗಾರ್‌ಗಳಲ್ಲಿ ಇದೂ ಒಂದು. ನಾನು ಸೇದುವುದು ಮನೆಯ ತಾರಸಿಯಲ್ಲಿ. ಸಾರ್ವಜನಿಕ ಜಾಗದಲ್ಲಿ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಸಂಜೆ ಫಿಲ್ಟರ್ ಕಾಫಿ ಜೊತೆಗೆ ನಂಬರ್ 4 ಹಚ್ಚಿದರೆ ಮೊದಲ ನಾಲ್ಕೈದು ಎಳೆತ ಸ್ವಲ್ಪ ಒಗರು. ಬೂದಿ ಅರ್ಧ ಇಂಚು ಬೆಳೆಯುವ ಹೊತ್ತಿಗೆ ಒಗರು ಹೋಗಿ ಕೋಕೋ ತರಹದ ಕಹಿ ಬರುತ್ತದೆ. ಅದರ ಹಿಂದೆಯೇ ಒಣಮರದ ವಾಸನೆ. ಚಿಕೋರಿ ಹಾಕಿದ ಗಟ್ಟಿ ಕಾಫಿಗೆ ಈ ಕಹಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಒಂದು ಗುಟುಕು, ಒಂದು ಎಳೆತ, ಬೇರೇನೂ ಬೇಡ. ಮೂವತ್ತೈದು, ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಸಾಕು ಅನಿಸುವ ಹೊತ್ತಿಗೇ ಮುಗಿಯುವುದು ಇದರ ದೊಡ್ಡ ಗುಣ.

ಇದೇ ದಪ್ಪದಲ್ಲಿ ನಂಬರ್ 3 (142 ಮಿ.ಮೀ.) ಮತ್ತು ನಂಬರ್ 1 (165 ಮಿ.ಮೀ.) ಸಿಗುತ್ತವೆ. ಶುರುವಿನಲ್ಲಿ ಹೊಗೆ ಇನ್ನೂ ತಂಪು. ಬೇರೆ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ.

ಎಡ್ಮುಂಡೊ ನನ್ನ ಗೆಳೆಯನ ಪಕ್ಷ. 135 ಮಿಲಿಮೀಟರ್, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. "ಬಾಯಿ ತುಂಬ ಹೊಗೆ ಬರಬೇಕು ಗುರು, ನಿಂದು ಪೆನ್ಸಿಲ್ ಇದ್ದಂಗಿದೆ" ಅನ್ನುತ್ತಾನೆ. ಹೊಗೆಯ ವಿಷಯದಲ್ಲಿ ಅವನ ಮಾತು ನಿಜ. ಎಳೆಯುವುದು ಸಲೀಸು, ಹೊಗೆ ಧಾರಾಳ, ತಂಪು. ಅವಸರದಲ್ಲಿ ಎಳೆದರೂ ಬೇಗ ಬಿಸಿಯಾಗುವುದಿಲ್ಲ. ಹೊಸಬರಿಗೆ ದಪ್ಪ ಸಿಗಾರ್ ಹಿಡಿಸುವುದು ಇದಕ್ಕೇ. ಆದರೆ ನಂಬರ್ 4ರಲ್ಲಿ ಎದ್ದು ಕಾಣುವ ಆ ಕೋಕೋ ಇಲ್ಲಿ ದುಂಡಗಾಗಿ, ಮೆತ್ತಗಾಗಿ, ಎಲ್ಲದರ ಜೊತೆ ಸೇರಿಹೋಗುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಲಿಹೆರೊ ಖಾರ ತಲೆಗೆ ಹತ್ತುತ್ತದೆ. ಖಾಲಿ ಹೊಟ್ಟೆಯಲ್ಲಂತೂ ಇದರ ಹತ್ತಿರ ಹೋಗಬೇಡಿ.

ಆದರೂ ಜೂನ್, ಜುಲೈನಲ್ಲಿ ನಾನೂ ಎಡ್ಮುಂಡೊ ಕಡೆಗೇ. ಮುಂಗಾರಿನ ಪಡುವಣ ಗಾಳಿ ಬೆಂಗಳೂರಿನ ತಾರಸಿಗಳ ಮೇಲೆ ಬೀಸುವ ರಭಸ ನಿಮಗೆ ಗೊತ್ತಲ್ವಾ? ಆ ಗಾಳಿಗೆ ತೆಳು ಸಿಗಾರ್ ಒಂದೇ ಪಕ್ಕದಲ್ಲಿ ಉರಿಯುತ್ತಾ ಹೋಗುತ್ತದೆ, ಇನ್ನೊಂದು ಪಕ್ಕ ಹಸಿಯಾಗೇ ಉಳಿಯುತ್ತದೆ. ಮತ್ತೆ ಮತ್ತೆ ಕಡ್ಡಿ ಗೀರಿ ಸರಿಮಾಡಬೇಕು. ಬಿಸಿಯೂ ಏರುತ್ತದೆ, ಬಿಸಿಯಾದರೆ ಕಹಿ. ದಪ್ಪ ಸಿಗಾರ್ ಗಾಳಿಯನ್ನು ತಡೆದುಕೊಳ್ಳುತ್ತದೆ.

ಇನ್ನು ನಂಬರ್ 2. ಆಕಾರ ಅಂತ ಮಾತಾಡಬೇಕಾದದ್ದು ಇದರ ಬಗ್ಗೆಯೇ. 156 ಮಿಲಿಮೀಟರ್, 52 ರಿಂಗ್, ಆದರೆ ತಲೆ, ಅಂದರೆ ಬಾಯಿಗಿಡುವ ತುದಿ, ಚೂಪು. ಟಾರ್ಪಿಡೊ ಅಂತ ಕರೆಯುವುದು ಇದನ್ನೇ, ಕ್ಯೂಬಾದಲ್ಲಿ ಪಿರಮಿಡೆ ಅನ್ನುತ್ತಾರೆ. ಚೂಪು ತಲೆಗೆ ಎಲೆ ಸುತ್ತುವುದು ಕಷ್ಟದ ಕೆಲಸ, ಪಳಗಿದ ಕೈಯೇ ಬೇಕು. ಇದರ ಸುಖ ಇರುವುದು ಕತ್ತರಿಸುವುದರಲ್ಲಿ. ಮೊದಲು ತುದಿಯನ್ನು ಚೂರೇ ಚೂರು ಕತ್ತರಿಸಿ. ಹಚ್ಚದೆ ಒಮ್ಮೆ ಎಳೆದು ನೋಡಿ. ಬಿಗಿ ಅನಿಸಿದರೆ ಇನ್ನೊಂದು ಎಳ್ಳಷ್ಟು ಕತ್ತರಿಸಿ. ಹೊಗೆ ಎಷ್ಟು ಬರಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ, ಗುಂಡು ತಲೆಯ ಸಿಗಾರಿನಲ್ಲಿ ಇಷ್ಟು ಸ್ವಾತಂತ್ರ್ಯ ಇಲ್ಲ. ಕಿರಿದಾದ ಬಾಯಿಯಿಂದ ಬರುವ ಹೊಗೆ ನೇರ ನಾಲಿಗೆಯ ನಡುವೆ ಬೀಳುತ್ತದೆ. ಎಡ್ಮುಂಡೊದಷ್ಟೇ ದಪ್ಪವಾದರೂ ರುಚಿ ಹೆಚ್ಚು ಸ್ಪಷ್ಟ. ಅರ್ಧ ದಾಟಿದ ಮೇಲೆ ಆ ಕಿರಿದಾದ ಬಾಯಲ್ಲಿ ಕಪ್ಪು ಜಿಡ್ಡು ಕೂತು ಕಹಿಯಾಗುತ್ತದೆ. ಆಗ ಮತ್ತೆ ಎರಡು ಮಿಲಿಮೀಟರ್ ಕತ್ತರಿಸಿದರೆ ಸರಿಹೋಗುತ್ತದೆ. ಒಂದು ಗಂಟೆಗೂ ಜಾಸ್ತಿ ಬೇಕು. ಹಬ್ಬದ ಊಟ ಆದಮೇಲೆ, ನೆಂಟರೆಲ್ಲ ಒಳಗೆ ಮಲಗಿರುವಾಗ ಸೇದಬೇಕಾದದ್ದು.

ಎಸ್ಪೆಸಿಯಲ್ ಬರೀ 38 ರಿಂಗ್, ಉದ್ದ 192 ಮಿಲಿಮೀಟರ್. ಇಂಥ ಉದ್ದನೆಯ ತೆಳು ಅಳತೆಗೆ ಲ್ಯಾನ್ಸೆರೊ ಅನ್ನುತ್ತಾರೆ. ನಾಲ್ಕರಲ್ಲಿ ಅತಿ ಸೂಕ್ಷ್ಮ ರುಚಿ ಇದರದ್ದೇ. ರ‍್ಯಾಪರ್‌ನ ಪ್ರತಿಯೊಂದು ಎಳೆಯೂ ಗೊತ್ತಾಗುತ್ತದೆ: ಜೇನಿನ ಹಾಗೆ ಏನೋ ಸಿಹಿ, ಆಮೇಲೆ ಮರ, ಆಮೇಲೆ ಚರ್ಮದ ವಾಸನೆ. ಆದರೆ ಗಮನ ಬೇಡುತ್ತದೆ. ನಿಮಿಷಕ್ಕೊಮ್ಮೆ ಎಳೆದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಸುಡುತ್ತದೆ. ಸುತ್ತುವಾಗ ಒಂದು ಎಲೆ ತಿರುಚಿಕೊಂಡಿದ್ದರೂ ಹೊಗೆಯೇ ಬರುವುದಿಲ್ಲ, ಅಷ್ಟು ದುಡ್ಡು ಕೊಟ್ಟದ್ದು ಹಾಗೇ ಹೋಗುತ್ತದೆ. ಮಾತಿಗೆ ಕೂತಾಗ ಇದನ್ನು ಹಚ್ಚಬಾರದು. ಒಬ್ಬನೇ ಇರುವಾಗ, ಗಾಳಿ ಇಲ್ಲದ ಡಿಸೆಂಬರ್ ಸಂಜೆ, ಇದನ್ನು ಮೀರಿಸಿದ್ದಿಲ್ಲ.

ಚರ್ಚಿಲ್ ಸೈಜು ಬಿಟ್ಟಿರಲ್ಲ ಅಂತ ಬೆಂಗಳೂರಿನವರು ಕೇಳಿಯೇ ಕೇಳುತ್ತಾರೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ 1895ರಲ್ಲಿ ಕ್ಯೂಬಾಕ್ಕೆ ಹೋಗಿಬಂದು ಮರುವರ್ಷ ಸೈನ್ಯದ ಜೊತೆ ನಮ್ಮ ದಂಡು ಪ್ರದೇಶಕ್ಕೆ ಬಂದಿಳಿದ. ಬೆಂಗಳೂರು ಕ್ಲಬ್ಬಿನ ಲೆಕ್ಕದಲ್ಲಿ ಅವನ ಹೆಸರಲ್ಲಿ 13 ರೂಪಾಯಿ ಬಾಕಿ ಇರುವುದೂ ಊರಿಗೆಲ್ಲ ಗೊತ್ತು. ಅವನ ಹೆಸರಿನ ಸೈಜು 178 ಮಿಲಿಮೀಟರ್, 47 ರಿಂಗ್. ಮಾಂಟೆಕ್ರಿಸ್ಟೊದ ಈ ಸಾಲಿನಲ್ಲಿ ಅದಿಲ್ಲ, ಬೇರೆ ಬ್ರಾಂಡಿನದನ್ನು ಇಲ್ಲಿ ತಂದರೆ ಹೋಲಿಕೆ ಕೆಡುತ್ತದೆ. ಒಂದೂವರೆ ಗಂಟೆ ಸೇದುವ ಆಸೆಯೂ ನನಗಿಲ್ಲ. ಹೊಗೆ ಒಳಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ನಾನು ಯಾವಾಗಲೋ ಒಮ್ಮೆ, ಅದೂ ಸಣ್ಣದನ್ನು ಸೇದುವುದಕ್ಕೆ ಇದೂ ಕಾರಣ.

ಕೊಳ್ಳುವವರಿಗೆ ಇನ್ನೊಂದು ವಿಷಯ. ನಮ್ಮೂರಿನ ಹವೆಯಲ್ಲಿ ತೆಳು ಮತ್ತು ದಪ್ಪ ಸಿಗಾರ್ ಒಂದೇ ರೀತಿ ಬಾಳುವುದಿಲ್ಲ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಡಬ್ಬಿ ಸ್ವಲ್ಪ ತೆರೆದಿದ್ದರೂ ಎಸ್ಪೆಸಿಯಲ್ ಮೊದಲು ಒಣಗುತ್ತದೆ, ರ‍್ಯಾಪರ್ ಸೀಳುತ್ತದೆ. ಮಳೆಗಾಲದಲ್ಲಿ ಅದೇ ತೇವ ಹೀರಿ ಉಬ್ಬಿ ಬಿಗಿಯಾಗುತ್ತದೆ. ತೆಳುವಾದವನ್ನು 65 ಪರ್ಸೆಂಟ್ ತೇವಾಂಶದ ಪ್ಯಾಕ್ ಹಾಕಿ, ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲಿ ಇಡಿ. ಎಡ್ಮುಂಡೊ, ನಂಬರ್ 2 ಇದ್ದರೆ 69 ಆದರೂ ನಡೆಯುತ್ತದೆ.