ಪದ್ಮಿನಿಗೆ ದುಂಡು ಕ್ರೋಮ್ ಮಿರರ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿಗೆ ಎರಡೂ ಕಡೆ ದುಂಡು ಕ್ರೋಮ್ ಸೈಡ್ ಮಿರರ್ ಹಾಕಿಸಿ ವರ್ಷಗಳಾದವು. ಮೈಸೂರಿನ ರಿಂಗ್ ರೋಡು, ಚಾಮುಂಡಿ ಬೆಟ್ಟದ ತಿರುವು, ಮಂಡ್ಯದ ಕಡೆಯ ಓಡಾಟ ಎಲ್ಲ ಇವುಗಳ ಜೊತೆಗೇ ಆಗಿದೆ. ಮಿರರ್ ಚೆನ್ನಾಗಿವೆ, ಧೈರ್ಯವಾಗಿ ಕೊಳ್ಳಬಹುದು. ಆದರೆ ಎಲ್ಲಿ ಕೂರಿಸುತ್ತೀರಿ, ಯಾವ ಗಾಜು ಹಾಕಿಸುತ್ತೀರಿ ಅನ್ನುವುದು ಮಿರರ್‌ಗಿಂತ ದೊಡ್ಡ ವಿಷಯ.

ಮೊದಲು ಡ್ರೈವರ್ ಕಡೆ ಮಾತ್ರ ಒಂದಿತ್ತು. ಡೋರಿನ ಅಂಚಿಗೆ ಕಚ್ಚಿಸುವ ಕ್ಲಾಂಪ್ ಮಿರರ್. ತೂತು ಕೊರೆಯುವ ಗೋಜಿಲ್ಲ, ಸರಿ. ಆದರೆ ಸ್ವಲ್ಪ ವೇಗ ಹಿಡಿದರೆ ಸಾಕು, ನಡುಗಿ ನಡುಗಿ ಹಿಂದೆ ಬರುವುದು ಬಸ್ಸೋ ಲಾರಿಯೋ ತಿಳಿಯುತ್ತಿರಲಿಲ್ಲ. ಕ್ಲಾಂಪಿನ ಕೆಳಗೆ ನೀರು ನಿಂತು ಬಣ್ಣವೂ ಎದ್ದಿತ್ತು. ಎಡಗಡೆ ಏನೂ ಇರಲಿಲ್ಲ. ನಮ್ಮೂರಲ್ಲಿ ಸ್ಕೂಟರ್, ಆಟೊ ಎಲ್ಲ ಎಡದಿಂದಲೇ ನುಗ್ಗುತ್ತವೆ, ಅಲ್ವಾ?

ಕೆಲವರು ಬಾನೆಟ್ ಪಕ್ಕದ ಫೆಂಡರ್ ಮೇಲೆ ಹಾಕಿಸುತ್ತಾರೆ. ನೋಡಲು ಬಲು ಚೆಂದ. ಮುಂದಿನ ಗಾಜಿನ ಮೂಲಕವೇ ಕಾಣುವುದರಿಂದ ಕತ್ತು ತಿರುಗಿಸುವುದೂ ಕಡಿಮೆ. ಆದರೆ ಕಣ್ಣಿಗೆ ದೂರವಾಗಿ ಚಿತ್ರ ಪುಟ್ಟದಾಗುತ್ತದೆ, ಒಬ್ಬರೇ ಇದ್ದಾಗ ಹೊಂದಿಸಲು ಇಳಿದು ಹತ್ತಿ ಮಾಡಬೇಕು. ದಿನಾ ಓಡಿಸುವ ಕಾರಿಗೆ ಡೋರೇ ಸರಿ.

ಡೋರಿನಲ್ಲೂ ಜಾಗ ಹುಡುಕುವುದು ಸುಲಭವಲ್ಲ. ಪದ್ಮಿನಿಯ ಮುಂದಿನ ಡೋರಿಗೆ ತಿರುಗಿಸಿ ತೆಗೆಯುವ ತ್ರಿಕೋನದ ಗಾಜು ಇದೆ. ಬೇಸಿಗೆಯಲ್ಲಿ ಅದೇ ನಮ್ಮ ಎ.ಸಿ. ಮಿರರ್ ತೀರಾ ಮುಂದೆ ಕೂತರೆ, ಗಾಜು ತೆಗೆದಾಗ ಅದರ ಫ್ರೇಮು ಅಡ್ಡ ಬರುತ್ತದೆ. ಅದಕ್ಕೇ ಸೀಟಿನಲ್ಲಿ ನೀವು ದಿನಾ ಕೂರುವ ಹಾಗೇ ಕೂತು, ಗಾಜು ತೆಗೆದು, ಇನ್ನೊಬ್ಬರ ಕೈಲಿ ಮಿರರ್ ಹಿಡಿಸಿ ನೋಡಿ. ನಿಮ್ಮ ಕಾರಿನ ಪಕ್ಕ ಒಂದು ಎಳೆಯಷ್ಟೇ ಕಂಡು, ಉಳಿದದ್ದೆಲ್ಲ ರಸ್ತೆ ಕಾಣುವ ಜಾಗ ಸಿಕ್ಕಾಗ ಟೇಪ್ ಅಂಟಿಸಿ ಗುರುತು ಮಾಡಿ. ಡೋರಿನ ಒಳಗಿನ ಪ್ಯಾಡ್ ಬಿಚ್ಚಿ, ಕಿಟಕಿಯ ದೊಡ್ಡ ಗಾಜು ಇಳಿಸಿ ಏರಿಸಿ, ಬೋಲ್ಟಿನ ತುದಿ ಅದಕ್ಕೆ ತಾಗದು ಅಂತ ಖಾತ್ರಿಯಾದ ಮೇಲೇ ಡ್ರಿಲ್ ಕೈಗೆ ತೆಗೆದುಕೊಳ್ಳಿ.

ಈ ಕಾರುಗಳ ತಯಾರಿ ನಿಂತು ಎರಡು ದಶಕ ದಾಟಿದೆ. ಹೊಸ ಡೋರ್ ಅಂಗಡಿಯಲ್ಲಿ ಕಾದು ಕೂತಿಲ್ಲ. ಮೊದಲು ಹೋದ ಗ್ಯಾರೇಜಿನಲ್ಲಿ ತಗಡಿಗೆ ನೇರವಾಗಿ ಸ್ಕ್ರೂ ತಿರುಗಿಸಲು ಹೊರಟರು. ನಾನು ಒಪ್ಪದೆ ಕಾರು ವಾಪಸ್ ತಂದೆ. ತೆಳು ತಗಡಿನಲ್ಲಿ ಬರೀ ಸ್ಕ್ರೂ ಬಿಗಿದರೆ ಅಲುಗಾಟಕ್ಕೆ ತೂತು ದೊಡ್ಡದಾಗುತ್ತದೆ, ನೀರು ಇಳಿಯುತ್ತದೆ, ತುಕ್ಕು ಒಳಗಿಂದ ತಿನ್ನುತ್ತಾ ಬರುತ್ತದೆ. ಕೊನೆಗೆ ಮಾಡಿಸಿದ ಮೆಕ್ಯಾನಿಕ್ ಸಣ್ಣ ಬಿಟ್‌ನಿಂದ ಶುರು ಮಾಡಿ ತೂತು ಅಗಲಿಸಿದರು, ಅಂಚಿನ ಮುಳ್ಳು ಉಜ್ಜಿದರು, ಪ್ರೈಮರ್ ಬಳಿದು ಒಣಗಲು ಬಿಟ್ಟರು. ಹೊರಗೆ ರಬ್ಬರ್ ಗ್ಯಾಸ್ಕೆಟ್, ಒಳಗೆ ಭಾರ ಹರಡಲು ಅಗಲದ ಲೋಹದ ಪಟ್ಟಿ, ಅದರ ಮೇಲೆ ಲಾಕ್ ನಟ್. ಇಂದಿಗೂ ಆ ತೂತುಗಳ ಸುತ್ತ ಒಂದು ಗುಳ್ಳೆ ಎದ್ದಿಲ್ಲ. ಅವರ ಕೈಗೆ ನಾನು ಋಣಿ.

ಇನ್ನು ಗಾಜು. ಅಂಗಡಿಯಲ್ಲಿ ಕೊಟ್ಟ ಜೋಡಿಯಲ್ಲಿ ಎರಡೂ ಉಬ್ಬುಗಾಜು. ಬಲಗಡೆಯದನ್ನು ಬಿಚ್ಚಿಸಿ ಸಪಾಟು ಗಾಜು ಕತ್ತರಿಸಿ ಹಾಕಿಸಿದೆ. ಉಬ್ಬುಗಾಜಿನಲ್ಲಿ ಜಾಸ್ತಿ ಜಾಗ ಕಾಣುತ್ತದೆ, ಆದರೆ ಹಿಂದಿನ ವಾಹನ ಇರುವುದಕ್ಕಿಂತ ದೂರವಿದ್ದಂತೆ ತೋರುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ ನಾನು 60ರಲ್ಲಿ ಹೋಗುವಾಗ ಹಿಂದಿನವರು 100ರಲ್ಲಿ ಬರುತ್ತಾರೆ. ಅಂದರೆ ಪ್ರತಿ ಸೆಕೆಂಡಿಗೆ 11 ಮೀಟರ್ ಹತ್ತಿರ. 100 ಮೀಟರ್ ಹಿಂದೆ ಇದ್ದವರು 9 ಸೆಕೆಂಡಿನಲ್ಲಿ ಬೆನ್ನಿಗೇ ಬಂದಿರುತ್ತಾರೆ. ಅಲ್ಲಿ ದೂರದ ಅಂದಾಜು ತಪ್ಪಬಾರದು. ಎಡಗಡೆ ಮಾತ್ರ ಉಬ್ಬುಗಾಜೇ ಬೇಕು. ಡ್ರೈವರ್ ಸೀಟಿನಿಂದ ಆ ಮಿರರ್ ಅಷ್ಟು ದೂರ, ಸಪಾಟು ಗಾಜಿನಲ್ಲಿ ರಸ್ತೆಯ ಒಂದು ಚೂರಷ್ಟೇ ಕಾಣುತ್ತದೆ. 2023ರ ಆಗಸ್ಟ್ 1ರಿಂದ ಬೈಕು, ಟ್ರ್ಯಾಕ್ಟರುಗಳಿಗೆ ಎಕ್ಸ್‌ಪ್ರೆಸ್ ವೇಯ ಮುಖ್ಯ ರಸ್ತೆಯಲ್ಲಿ ಜಾಗವಿಲ್ಲ. ಶ್ರೀರಂಗಪಟ್ಟಣ ದಾಟಿ ಸರ್ವಿಸ್ ರೋಡಿಗಿಳಿದರೆ ಎಲ್ಲರೂ ಅಲ್ಲೇ. ಕಬ್ಬಿನ ಲೋಡ್ ಟ್ರ್ಯಾಕ್ಟರ್ ದಾಟಿ ಮತ್ತೆ ಎಡಕ್ಕೆ ಸೇರುವಾಗ ಆ ಉಬ್ಬುಗಾಜು ಪ್ರತಿ ಸಲ ಕೆಲಸಕ್ಕೆ ಬಂದಿದೆ.

ಬಾಳಿಕೆ ಬಗ್ಗೆ ಎರಡು ಮಾತು. ಬುಡದ ಕ್ರೋಮಿನಲ್ಲಿ ಸಣ್ಣ ಚುಕ್ಕೆಗಳು ಬಂದಿವೆ. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಳಗಿರುವುದು ಹೆಚ್ಚಾಗಿ ಕಬ್ಬಿಣ, ಮಳೆಗಾಲಕ್ಕೆ ಮುಂಚೆ ವ್ಯಾಕ್ಸ್ ಹಚ್ಚಲೇಬೇಕು. ಹಿತ್ತಾಳೆಯದು ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಮಿರರಿನ ತಲೆ ತಿರುಗಿಸುವ ಗುಂಡು ಕೀಲು ಆಗಾಗ ಸಡಿಲವಾಗುತ್ತದೆ. ಹಿಂದಿರುವ ಸ್ಕ್ರೂ ಸ್ವಲ್ಪ ಬಿಗಿ ಮಾಡಿದರೆ ಮುಗಿಯಿತು. ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರ್ ಒಂದನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದೇನೆ.