ಮದುವೆ ಮನೆಯಲ್ಲಿ ಹಳೇ ಫೋನ್ ಇಟ್ಟು ರೆಕಾರ್ಡ್ ಮಾಡುವವರೇ, ಸ್ವಲ್ಪ ತಡೀರಿ

ಈಗೀಗ ಮದುವೆಗಳಲ್ಲಿ ಒಂದು ಹೊಸ ರೂಢಿ ಬಂದಿದೆ. ಮಂಟಪದ ಬಾಗಿಲ ಹತ್ತಿರ ಮೇಜಿನ ಮೇಲೆ ಹಳೇ ಫೋನ್ ಇಟ್ಟಿರುತ್ತಾರೆ. ರಿಸೀವರ್ ಎತ್ತಿದರೆ ಮದುಮಗಳ ದನಿ ಕೇಳುತ್ತದೆ, ಆಮೇಲೆ ಒಂದು ಬೀಪ್. ಹರಸಿ ಎರಡು ಮಾತಾಡಿ ಇಟ್ಟರೆ ಅದು ರೆಕಾರ್ಡ್ ಆಗಿರುತ್ತದೆ. ಬಾಗಲಕೋಟೆಯಲ್ಲಿ ನನ್ನ ತಂಗಿಯ ಮದುವೆಗೆ ನಾವೂ ಇದನ್ನು ಮಾಡಿದೆವು. 112 ಜನ ಮಾತಾಡಿದರು. ಕೇಳುವ ಹಾಗೆ ಉಳಿದದ್ದು 9. ನಮ್ಮ ಆಯಿ, ಅಂದರೆ ಅಜ್ಜಿ, ಹಾಡಿದ ಪದ ಆ ಒಂಬತ್ತರಲ್ಲಿ ಇಲ್ಲ.

ಅಟ್ಟದ ಮೇಲೆ ಮುತ್ಯಾನ ಕಾಲದ ಕಪ್ಪು ಡಯಲ್ ಫೋನ್ ಇತ್ತು. ಅಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. "ಮಾಮಾ, ಬಾಡಿಗಿಗೆ ಯಾಕ ತರೂದು, ನಾವs ಮಾಡೂಣು" ಅಂದ. ರಿಸೀವರಿನ ವಯರನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆವು. ಕಿವಿಯ ಕಡೆ ಸ್ಪೀಕರ್ ಮೊದಲ ಸಲಕ್ಕೇ ಚೆನ್ನಾಗಿ ಕೇಳಿಸಿತು. ಬಾಯಿಯ ಕಡೆ ಮೈಕಿನಲ್ಲಿ ಮಾತ್ರ ಏನೂ ಇಲ್ಲ. ಕಿವಿ ಹಚ್ಚಿ ಕೇಳಿದರೆ ಬಾವಿ ಒಳಗಿಂದ ಯಾರೋ ಕೂಗಿದ ಹಾಗೆ.

ಕಾರಣ ಆಮೇಲೆ ತಿಳಿಯಿತು. ಬಾಯಿಯ ಕಡೆ ಮುಚ್ಚಳ ತಿರುಗಿಸಿ ಬಿಚ್ಚಿದರೆ ಒಂದು ಬಿಲ್ಲೆ ಕೈಗೆ ಬರುತ್ತದೆ. ಅಲ್ಲಾಡಿಸಿದರೆ ಒಳಗೆ ಸಣ್ಣ ಮರಳಿನಂಥ ಸದ್ದು. ಅದು ಇದ್ದಿಲ ಹರಳು. ಮಾತಾಡಿದಾಗ ಮುಂದಿನ ತೆಳು ತಗಡು ಅದನ್ನು ಒತ್ತುತ್ತದೆ, ಒತ್ತಿದಷ್ಟೂ ಅದರೊಳಗೆ ಕರೆಂಟ್ ಸಲೀಸಾಗಿ ಹರಿಯುತ್ತದೆ. ಅಂದರೆ ಈ ಮೈಕ್ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಎಕ್ಸ್‌ಚೇಂಜಿನಿಂದ ಲೈನಿನಲ್ಲಿ ಬರುವ ಕರೆಂಟನ್ನೇ ಏರಿಳಿಸುತ್ತದೆ. ಲ್ಯಾಪ್‌ಟಾಪಿನ ಮೈಕ್ ತೂತಿನಿಂದ ಬರುವ ಚೂರು ಕರೆಂಟ್ ಅದಕ್ಕೆ ಸಾಲದು. ಹಾಗಾಗಿ ಅದನ್ನು ತೆಗೆದು ಅದೇ ಜಾಗದಲ್ಲಿ ಸಣ್ಣ ಎಲೆಕ್ಟ್ರೆಟ್ ಮೈಕ್ ಕೂರಿಸಿದೆವು. ಮೊಬೈಲ್ ಇಯರ್‌ಫೋನಿನಲ್ಲಿ ಇರುತ್ತಲ್ಲ, ಅಂಥದ್ದು. ಮನೆಯಲ್ಲಿ ಹತ್ತು ಸಲ ನೋಡಿದೆವು. ದನಿ ಸ್ಪಷ್ಟ. ಖುಷಿಯಿಂದ ಮಲಗಿದೆವು.

ಮನೆಯಲ್ಲಿ ನೋಡಿದ್ದೆಲ್ಲ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ.

ಮದುವೆ ದಿನ ಬೆಳಗ್ಗೆ ಎಲ್ಲ ಸರಿಯಾಗಿತ್ತು. ಬ್ಯಾಟರಿ ಇಳಿಯಿತು ಅಂತ ಹತ್ತು ಗಂಟೆ ಸುಮಾರಿಗೆ ಚಾರ್ಜರ್ ಹಚ್ಚಿದೆವು. ಹಚ್ಚಿದ್ದು ಸೀರಿಯಲ್ ಲೈಟ್ ಹಾಕಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೇ. ಆ ಬೋರ್ಡಿಗೆ ಅರ್ಥಿಂಗ್ ಇರಲಿಲ್ಲ. ಆ ಕ್ಷಣದಿಂದ ಎಲ್ಲ ರೆಕಾರ್ಡಿಂಗಿನಲ್ಲೂ ಗುಂಯ್ ಅನ್ನುವ ಸದ್ದು ಹೊಕ್ಕಿತು. ಫೋನಿನ ಸುರುಳಿ ವಯರಿನಲ್ಲಿ ನಾಲ್ಕು ಎಳೆ ಇರುತ್ತವೆ, ಎರಡು ಮೈಕಿಗೆ, ಎರಡು ಸ್ಪೀಕರಿಗೆ. ಮೈಕಿನ ಒಳ್ಳೆ ವಯರಿಗೆ ಮೇಲೊಂದು ಜಾಳಿಗೆ ಕವಚ ಇರುತ್ತದೆ, ಇದಕ್ಕೆ ಅದೂ ಇಲ್ಲ. ಸುತ್ತಲಿನ ಕರೆಂಟಿನ ಗದ್ದಲವನ್ನೆಲ್ಲ ಹೀರಿಕೊಳ್ಳುತ್ತದೆ. ಅದರ ಮೇಲೆ ನಾವು ರೆಕಾರ್ಡಿಂಗಿನಲ್ಲಿ ಆಟೋ ಗೇನ್ ಬೇರೆ ಇಟ್ಟಿದ್ದೆವು. ಮಾತು ಮೆಲ್ಲಗಾದರೆ ಅದು ತಾನೇ ಸದ್ದು ಏರಿಸುತ್ತದೆ. ಗುಂಯ್ ಅನ್ನುವುದನ್ನೂ ಜೊತೆಗೇ ಏರಿಸುತ್ತದೆ. ಜೋರಾಗಿ ಮಾತಾಡಿದ ಗಂಡಸರ ದನಿ ಅಲ್ಲಲ್ಲಿ ತಿಳಿಯುತ್ತದೆ. ಮೆಲ್ಲಗೆ ಮಾತಾಡಿದ ಹೆಂಗಸರು, ಮುದುಕರು, ಮಕ್ಕಳು ಪೂರ್ತಿ ಮುಳುಗಿಹೋದರು.

ಇಡೀ ದಿನ ಒಬ್ಬರಿಗೂ ಗೊತ್ತಾಗಲಿಲ್ಲ. ಯಾಕಂದ್ರೆ ರಿಸೀವರ್ ಎತ್ತಿದವರಿಗೆಲ್ಲ ತಂಗಿಯ ದನಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಪರದೆ ಮೇಲೆ ಹಸಿರು ಗೆರೆ ಏರಿಳಿಯುತ್ತಿತ್ತು. ಫೋನ್ ಸರಿಯಿದೆ ಅಂತ ನಾವು ನಂಬಿಬಿಟ್ಟೆವು. ದಯವಿಟ್ಟು ಇದೊಂದನ್ನು ನೆನಪಿಡಿ: ಕಿವಿಯ ಕಡೆಯದೇ ಬೇರೆ ದಾರಿ, ಬಾಯಿಯ ಕಡೆಯದೇ ಬೇರೆ ದಾರಿ. ಒಂದು ಕೇಳಿಸಿತು ಅಂದರೆ ಇನ್ನೊಂದು ಸರಿಯಿದೆ ಅಂತಲ್ಲ. ಗೆರೆ ಕುಣಿಯುವುದು ಗುಂಯ್ ಸದ್ದಿಗೂ ಕುಣಿಯುತ್ತದೆ. ಅರ್ಧ ಗಂಟೆಗೊಮ್ಮೆ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಒಂದು ಫೈಲ್ ತೆರೆದು ಕೇಳಿದ್ದರೆ ಸಾಕಿತ್ತು.

ಸಂಜೆ ಹೆಣ್ಣು ಒಪ್ಪಿಸುವ ಹೊತ್ತು. ತಂಗಿ ಆಯಿಯ ಕೈ ಹಿಡಿದು ಮೇಜಿನ ಹತ್ತಿರ ಕರೆತಂದಳು. "ಆಯಿ, ಇದರಾಗ ಹಾಡು. ಪುಣೆದಾಗ ನಾ ಒಬ್ಬಾಕಿನs ಇದ್ದಾಗ ಕೇಳ್ತೀನಿ" ಅಂದಳು. ಆಯಿ ರಿಸೀವರನ್ನು ಎರಡೂ ಕೈಯಿಂದ ಹಿಡಿದಳು. ಇಳಕಲ್ ಸೀರೆಯ ಸೆರಗು ಅದರ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿ, ನಿಧಾನಕ್ಕೆ, ಪೂರ್ತಿ ಪದ ಹಾಡಿದಳು. ಮುಗಿದ ಮೇಲೆ ಎಲ್ಲಿ ಇಡಬೇಕು ಅಂತ ನನ್ನ ಮುಖ ನೋಡಿದಳು. ನಾನೇ ತೆಗೆದುಕೊಂಡು ಇಟ್ಟೆ.

ಆ ಫೈಲ್ 4 ನಿಮಿಷದ್ದು. ಗುಂಯ್ ಸದ್ದಿನ ಕೆಳಗೆ ಒಂದು ದನಿ ಇದೆ ಅಂತ ತಿಳಿಯುತ್ತದೆ, ಅಷ್ಟೆ. ಆ ಸದ್ದು ತೆಗೆಸಲು ಏನೆಲ್ಲ ಮಾಡಿದೆವು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದರ ಗದ್ದಲ 50ಕ್ಕೇ ನಿಲ್ಲುವುದಿಲ್ಲ, 100, 150, 200 ಅಂತ ಮೇಲೇರುತ್ತಾ ಹೋಗುತ್ತದೆ. ಹೆಂಗಸರ ದನಿ ಇರುವುದೂ ಅಲ್ಲೇ ಸುತ್ತಮುತ್ತ. ಗದ್ದಲ ಕತ್ತರಿಸಿದರೆ ಆಯಿಯ ದನಿಯೂ ಜೊತೆಗೆ ಹೋಗುತ್ತದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಫೋನ್ ಇಡಿ, ಚೆಂದ ಕಾಣುತ್ತದೆ, ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆದರೆ ಅದೊಂದನ್ನೇ ನಂಬಬೇಡಿ. ಪಕ್ಕದ ಹೂವಿನ ತಟ್ಟೆ ಹತ್ತಿರ ಒಂದು ಮೊಬೈಲನ್ನು ಫ್ಲೈಟ್ ಮೋಡಿನಲ್ಲಿ ಹಾಕಿ, ರೆಕಾರ್ಡ್ ಒತ್ತಿ ಇಡಿ. ರೆಕಾರ್ಡ್ ಆಗುತ್ತಿದೆ ಅಂತ ಒಂದು ಚೀಟಿಯನ್ನೂ ಬರೆದಿಡಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಓಡಲಿ, ಸಾಲದಿದ್ದರೆ ಇನ್ನೊಂದು ಲ್ಯಾಪ್‌ಟಾಪ್ ತನ್ನಿ. ಆಟೋ ಗೇನ್ ಆಫ್ ಮಾಡಿ. ಹಳೇ ಫೋನಿನಂಥ ದನಿಯೇ ಬೇಕು ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು. ಫೋನ್ ಲೈನಿನಲ್ಲಿ ಹೋಗುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಒಳ್ಳೆ ರೆಕಾರ್ಡಿಂಗನ್ನು ಅಷ್ಟಕ್ಕೆ ಕತ್ತರಿಸುವುದು ಒಂದು ನಿಮಿಷದ ಕೆಲಸ. ಇಲ್ಲದ್ದನ್ನು ತರುವುದು ಆಗುವುದಿಲ್ಲ.

ಇನ್ನೊಂದು ಮಾತು, ಇದು ಅಪಾಯದ್ದು. ಗೋಡೆಗೆ ಹೋಗುವ ಲೈನಿನ ವಯರನ್ನು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಲೇಬೇಡಿ. ಸುಮ್ನೆ ಇದ್ದಾಗಲೇ ಅದರಲ್ಲಿ ಸುಮಾರು 48 ವೋಲ್ಟ್ ಇರುತ್ತದೆ. ರಿಂಗ್ ಬಂದಾಗ 75ಕ್ಕಿಂತ ಜಾಸ್ತಿಯೂ ಆಗಬಹುದು. ಕೈಗೆ ಹೊಡೆಯುತ್ತದೆ, ಸೌಂಡ್ ಕಾರ್ಡ್ ಸುಡುತ್ತದೆ. ಫೈಬರ್ ಮೋಡೆಮ್ಮಿನ ಫೋನ್ ತೂತಿಗೂ ಇದೇ ಮಾತು.

ವಾರದ ಮೇಲೆ ಆಯಿಯನ್ನು ಕೇಳಿದೆ. ಒಳ್ಳೆ ಮೈಕ್ ತಂದಿದ್ದೇನೆ, ಇನ್ನೊಮ್ಮೆ ಹಾಡು ಅಂದೆ. "ಅದನ್ನ ಹಂಗ ಕುಂತು ಹಾಡಾಕ ಬರಂಗಿಲ್ಲ ತಮ್ಮಾ. ಹೆಣ್ಣು ಹೊಸ್ತಿಲಾ ದಾಟೂ ಮುಂದ ಹಾಡೂ ಪದ ಅದು" ಅಂದಳು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಮುಂದಿನ ವರ್ಷ ಕಾಕಾನ ಮಗಳ ಮದುವೆ ಇದೆ, ಆಗ ಹಾಡುತ್ತಾಳಂತೆ. ಆದರೆ ಆ ಪದದಲ್ಲಿ ಮದುಮಗಳ ಹೆಸರು ಕೂಡಿಸಿ ಹಾಡುತ್ತಾರೆ. ಆಗ ಬರುವುದು ನನ್ನ ತಂಗಿಯ ಹೆಸರಲ್ಲ.